ಒಂಟಿ ನೋಡ್‌ನ ಹೊತ್ತು

ಇಮೇಲ್ ಸರ್ವರ್‌ಗಳ ಅಪ್‌ಗ್ರೇಡ್‌ಗೆಂದು ಬರೆದ ನಮ್ಮ ಯೋಜನೆಯ ಕಡತದಲ್ಲಿ ಮೊದಲು ನಾಲ್ಕು ಕಾಲಂಗಳಿದ್ದವು: ಹೆಜ್ಜೆ, ಮಾಡುವವರು, ಹಿಡಿಯುವ ಸಮಯ, ಸರಿಯಾಗಿದೆಯೇ ಎಂದು ನೋಡುವ ಬಗೆ. ಒಟ್ಟು 47 ಸಾಲು. ನನ್ನ ಲೆಕ್ಕದಲ್ಲಿ ಅದು ಮುಗಿದ ಕೆಲಸವಾಗಿತ್ತು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಬಲಗಡೆ ಪೆನ್ಸಿಲ್‌ನಿಂದ ಇನ್ನೊಂದು ಕಾಲಂ ಎಳೆದು, ಅದರ ತಲೆಯ ಮೇಲೆ ‘ಇಲ್ಲಿಂದ ಹಿಂದಿರುಗಬಹುದೇ?’ ಎಂದು ಬರೆದು ಕಾಗದವನ್ನು ನನ್ನ ಕಡೆ ಸರಿಸಿದರು.

“ಇದನ್ನು ನೀವೇ ತುಂಬಿ. ಹೌದು ಅಥವಾ ಇಲ್ಲ, ಅಷ್ಟೇ. ಬಹುಶಃ ಎನ್ನುವುದು ಬೇಡ” ಎಂದರು.

ಆ ಒಂದು ಕಾಲಂ ತುಂಬುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ಮೊದಲಿನ ನಾಲ್ಕನ್ನು ತುಂಬಲು ಅರ್ಧ ದಿನ ಸಾಕಾಗಿತ್ತು.

ಕೆಲಸ ಇಷ್ಟು: ಮೈಕ್ರೋಸಾಫ್ಟ್‌ನ ಇಮೇಲ್ ತಂತ್ರಾಂಶ ಎಕ್ಸ್‌ಚೇಂಜ್ 2007 ನಡೆಯುತ್ತಿದ್ದ ಎರಡು ನೋಡ್‌ಗಳ, ಅಂದರೆ ಒಂದಕ್ಕೊಂದು ಆಸರೆಯಾಗಿ ನಿಲ್ಲುವ ಎರಡು ಯಂತ್ರಗಳ, ಮೇಲ್‌ಬಾಕ್ಸ್ ಕ್ಲಸ್ಟರ್‌ಗೆ ಸರ್ವಿಸ್ ಪ್ಯಾಕ್ 1 (ತಿದ್ದುಪಡಿಗಳ ದೊಡ್ಡ ಕಂತು) ಹಾಕಬೇಕು. ಎಕ್ಸ್‌ಚೇಂಜ್ 2007ಕ್ಕೆ 2017ರ ಏಪ್ರಿಲ್‌ನಲ್ಲೇ ಬೆಂಬಲ ನಿಂತುಹೋಗಿದೆ. ಆದರೂ ಅದರ ಬಗ್ಗೆ ಈಗ ಬರೆಯಲು ಕೂತಿರುವುದಕ್ಕೆ ಕಾರಣವಿದೆ. ಅಲ್ಲಿಂದ ಇಲ್ಲಿಯವರೆಗೆ ನಾನು ಕೈ ಹಾಕಿದ ಪ್ರತಿಯೊಂದು ಕ್ಲಸ್ಟರ್ ಅಪ್‌ಗ್ರೇಡ್‌ಗೂ ಮೊದಲು ಆ ಐದನೇ ಕಾಲಂ ಎಳೆದೇ ಪೆನ್ನು ಹಿಡಿದಿದ್ದೇನೆ. ಅದು ಏಕೆ ಬೇಕು ಎಂಬುದು ನನಗೆ ಮನದಟ್ಟಾದದ್ದು ಆ ಕೆಲಸದಲ್ಲೇ.

ಕ್ಲಸ್ಟರ್ ಇದ್ದರೆ ನಿಶ್ಚಿಂತೆ ಎಂಬ ಭಾವನೆ ಬಹಳ ಜನರಲ್ಲಿದೆ, ನನ್ನಲ್ಲೂ ಇತ್ತು. ಎರಡು ಯಂತ್ರಗಳಿವೆ, ಒಂದು ಕೆಟ್ಟರೆ ಇನ್ನೊಂದು ನಿಲ್ಲುತ್ತದೆ, ಹಾಗಾದರೆ ಒಂದಕ್ಕೆ ಮೊದಲು ಹಾಕಿ ನೋಡೋಣ, ಕೆಟ್ಟರೆ ಇನ್ನೊಂದಕ್ಕೆ ಮರಳೋಣ ಎಂಬ ತರ್ಕ. ಯಂತ್ರ ಕೆಡುವುದರ ಮಟ್ಟಿಗೆ ಈ ತರ್ಕ ಸರಿ. ವಿದ್ಯುತ್ ಘಟಕ ಸುಟ್ಟರೆ, ಡಿಸ್ಕ್ ಹೋದರೆ, ಮದರ್‌ಬೋರ್ಡ್ ಸತ್ತರೆ ಕ್ಲಸ್ಟರ್ ಕಾಯುತ್ತದೆ. ಸರ್ವಿಸ್ ಪ್ಯಾಕ್ ಮಾತ್ರ ಯಂತ್ರವನ್ನಷ್ಟೇ ಮುಟ್ಟುವುದಿಲ್ಲ. ಎರಡು ನೋಡ್‌ಗಳೂ ಹಂಚಿಕೊಂಡಿರುವ ಸಂಗತಿಗಳನ್ನು, ಅಂದರೆ ಸಂಸ್ಥೆಯ ಬಳಕೆದಾರರ, ಯಂತ್ರಗಳ ದಾಖಲೆ ಇರುವ ಆಕ್ಟಿವ್ ಡೈರೆಕ್ಟರಿಯ ಸ್ಕೀಮಾವನ್ನು (ಆ ದಾಖಲೆಯ ಚೌಕಟ್ಟನ್ನು), ಮೇಲ್‌ಬಾಕ್ಸ್ ಸರ್ವರ್‌ನ ಗುರುತನ್ನು, ಡೇಟಾಬೇಸನ್ನು ಅದು ಬದಲಿಸುತ್ತದೆ. ಅವುಗಳಿಗೆ ಎರಡನೇ ನೋಡ್ ಎಂಬುದಿಲ್ಲ. ಮೇಲಾಗಿ, ಅಪ್‌ಗ್ರೇಡ್ ನಡೆಯುವ ಬಹುಪಾಲು ಹೊತ್ತು ಕ್ಲಸ್ಟರ್ ಎಂಬುದು ಹೆಸರಿಗಷ್ಟೇ ಇರುತ್ತದೆ. ನಿಜವಾಗಿ ದುಡಿಯುವುದು ಒಂದೇ ಒಂದು ನೋಡ್.

ನಮ್ಮದು ಸಿಸಿಆರ್ (ಕ್ಲಸ್ಟರ್ ಕಂಟಿನ್ಯುವಸ್ ರೆಪ್ಲಿಕೇಶನ್) ಎಂದು ಕರೆಯುವ ಬಗೆಯ ಕ್ಲಸ್ಟರ್. ಅದರಲ್ಲಿ ಹಂಚಿಕೊಂಡ ಡಿಸ್ಕ್ ಇರುವುದಿಲ್ಲ. ಬಳಕೆದಾರರ ಕೆಲಸ ನಡೆಸುವ ಆಕ್ಟಿವ್ ನೋಡ್ ತನ್ನ ಡೇಟಾಬೇಸ್‌ಗೆ ಆಗುವ ಪ್ರತಿಯೊಂದು ಬದಲಾವಣೆಯನ್ನು 1 ಎಂಬಿಯ ಲಾಗ್ ಕಡತಗಳಲ್ಲಿ ಬರೆಯುತ್ತದೆ. ಒಂದು ಕಡತ ತುಂಬಿ ಮುಚ್ಚಿದೊಡನೆ ಸನ್ನದ್ಧವಾಗಿ ಕಾಯುವ ಪ್ಯಾಸಿವ್ ನೋಡ್ ಅದನ್ನು ಎಳೆದುಕೊಂಡು, ಪರೀಕ್ಷಿಸಿ, ತನ್ನ ಬಳಿಯಿರುವ ಡೇಟಾಬೇಸ್ ಪ್ರತಿಗೆ ಸೇರಿಸುತ್ತದೆ. ಹಿಂದಿನ ಆವೃತ್ತಿಯಲ್ಲಿ ಲಾಗ್ ಕಡತ 5 ಎಂಬಿ ಇತ್ತು. ಕಡತ ಚಿಕ್ಕದಾದಷ್ಟೂ, ಆಕ್ಟಿವ್ ನೋಡ್ ಏಕಾಏಕಿ ಬಿದ್ದಾಗ ಕಳೆದುಹೋಗುವ ಪಾಲು ಕಡಿಮೆ. ಹೊರಗಿನಿಂದ ನೋಡುವವರಿಗೆ ಎರಡು ಅಂಕಿ ಕಾಣುತ್ತವೆ: ಇನ್ನೂ ಬಂದು ತಲುಪದ ಲಾಗ್‌ಗಳ ಸಂಖ್ಯೆ ಕಾಪಿ ಕ್ಯೂ, ಬಂದಿದ್ದರೂ ಡೇಟಾಬೇಸ್‌ಗೆ ಇನ್ನೂ ಸೇರದವುಗಳ ಸಂಖ್ಯೆ ರಿಪ್ಲೇ ಕ್ಯೂ. ಆ ತಿಂಗಳುಗಳಲ್ಲಿ ಬೆಳಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಈ ಎರಡು ಅಂಕಿಗಳನ್ನೇ.

ಸರ್ವಿಸ್ ಪ್ಯಾಕ್ ಬಿಡುಗಡೆಯಾದದ್ದು 2007ರ ನವೆಂಬರ್ ಕೊನೆಯಲ್ಲಿ. ನಮಗೆ ಅದು ಬೇಕೇ ಬೇಕಿತ್ತು. ದೂರದ ಇನ್ನೊಂದು ಕಡೆಗೂ ಲಾಗ್ ಕಳಿಸುವ ಎಸ್‌ಸಿಆರ್ ಸೌಲಭ್ಯ ಬಂದದ್ದು ಅದರಲ್ಲೇ. ವಿಂಡೋಸ್ ಸರ್ವರ್ 2008ರ ಮೇಲೆ ಎಕ್ಸ್‌ಚೇಂಜ್ ನಡೆಸಲು ಸಾಧ್ಯವಾದದ್ದೂ ಅಲ್ಲಿಂದಲೇ. ಅದಕ್ಕಿಂತ ಹೆಚ್ಚಾಗಿ, ಮೊದಲ ಆವೃತ್ತಿಯಲ್ಲಿ ಪ್ಯಾಸಿವ್ ನೋಡ್‌ನ ಡಿಸ್ಕ್‌ಗಳು ಆಕ್ಟಿವ್ ನೋಡ್‌ನವಕ್ಕಿಂತ ಹೆಚ್ಚು ಏದುಸಿರು ಬಿಡುತ್ತಿದ್ದವು. ಲಾಗ್‌ಗಳ ಒಂದು ಕಂತು ಸೇರಿಸಿ ಮುಗಿದೊಡನೆ ನೆನಪಿನಲ್ಲಿದ್ದ ಡೇಟಾಬೇಸ್ ಪುಟಗಳನ್ನೆಲ್ಲ ಚೆಲ್ಲಿ, ಮುಂದಿನ ಕಂತಿಗೆ ಮತ್ತೆ ಡಿಸ್ಕ್‌ನಿಂದ ಓದುತ್ತಿದ್ದುದೇ ಕಾರಣ. ಸರ್ವಿಸ್ ಪ್ಯಾಕ್ 1 ಆ ಪುಟಗಳನ್ನು ಕಂತಿನಿಂದ ಕಂತಿಗೆ ಉಳಿಸಿಕೊಳ್ಳುವಂತೆ ಮಾಡಿತು. ಆದರೂ ನಾವು ಅವಸರಪಡಲಿಲ್ಲ. ಬೇರೆಯವರು ಹಾಕಿ ಏನಾಯಿತೆಂದು ಕೆಲವು ವಾರ ಕಾದು ನೋಡುವುದು ಹೇಡಿತನವಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಹಾಗೆಂದು ಕಾಯುತ್ತಲೇ ಕೂರುವಂತೆಯೂ ಇರಲಿಲ್ಲ. ಹೊಸ ಸರ್ವಿಸ್ ಪ್ಯಾಕ್ ಬಂದ ಸುಮಾರು ಒಂದು ವರ್ಷಕ್ಕೆ ಹಳೆಯದರ ಬೆಂಬಲ ಮುಗಿಯುತ್ತಿತ್ತು.

ಮತ್ತೆ ಕಾಲಂಗೆ ಬರುತ್ತೇನೆ. ಮೊದಲ ‘ಇಲ್ಲ’ ಬಿದ್ದದ್ದು ಸ್ಕೀಮಾ ಸಾಲಿನಲ್ಲಿ. ಸರ್ವಿಸ್ ಪ್ಯಾಕ್ ಎಂದರೆ ಒಂದಷ್ಟು ಡಿಎಲ್‌ಎಲ್ ಕಡತಗಳ ಬದಲಾವಣೆ ಎಂದುಕೊಂಡವರಿಗೆ ಇದು ಅನಿರೀಕ್ಷಿತ. ಇದು ಇಡೀ ಸಂಸ್ಥೆಯ ಆಕ್ಟಿವ್ ಡೈರೆಕ್ಟರಿಯನ್ನೇ ತಿದ್ದುತ್ತದೆ. ತಿದ್ದಿದ ಸ್ಕೀಮಾವನ್ನು ಮೊದಲಿನಂತೆ ಮಾಡುವ ಗುಂಡಿ ಎಲ್ಲಿಯೂ ಇಲ್ಲ. ಇರುವ ಒಂದೇ ದಾರಿಯೆಂದರೆ ಇಡೀ ಫಾರೆಸ್ಟನ್ನು, ಅಂದರೆ ಸಂಸ್ಥೆಯ ಆಕ್ಟಿವ್ ಡೈರೆಕ್ಟರಿಯನ್ನು ಪೂರ್ತಿಯಾಗಿ, ಬ್ಯಾಕಪ್‌ನಿಂದ ಮರಳಿ ಕಟ್ಟುವುದು. ಅದನ್ನು ದಾರಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹೀಗಾಗಿ ಆ ಸಾಲನ್ನು 47ರಿಂದ ಹೊರತೆಗೆದು, ಮುಖ್ಯ ಕೆಲಸಕ್ಕಿಂತ ಒಂದು ವಾರ ಮೊದಲಿಗೆ ಒಯ್ದೆವು. ಒಂದೇ ರಾತ್ರಿ ಎರಡು ತಿರುಗಿಸಲಾಗದ ಕೆಲಸ ಮಾಡಿ ಮರುದಿನ ಏನೋ ಕೆಟ್ಟರೆ, ಯಾವುದರಿಂದ ಕೆಟ್ಟಿತು ಎಂದು ಹುಡುಕುವುದರಲ್ಲೇ ಜೀವ ಹೋಗುತ್ತದೆ. ಒಂದು ವಾರದ ಅಂತರವಿದ್ದರೆ ಬೆರಳು ಮಾಡಿ ತೋರಿಸಬಹುದು.

ಆ ಸಂಜೆಯ ಮಟ್ಟಿಗೆ ಮಾತ್ರ ಒಬ್ಬರ ಖಾತೆಯನ್ನು ಸ್ಕೀಮಾ ಅಡ್ಮಿನ್ ಗುಂಪಿಗೆ ಸೇರಿಸಿ, ಕೆಲಸ ಮುಗಿದೊಡನೆ ತೆಗೆದೆವು. ಸ್ಕೀಮಾಗೆ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಎಕ್ಸ್‌ಚೇಂಜ್ 2007ರ ಮೊದಲ ಬಿಡುಗಡೆಗೆ 10637, ಸರ್ವಿಸ್ ಪ್ಯಾಕ್ 1ಕ್ಕೆ 11116. ಸ್ಕೀಮಾ ಬದಲಾವಣೆ ಮೊದಲು ಬೀಳುವ ಸ್ಕೀಮಾ ಮಾಸ್ಟರ್ ಸರ್ವರ್ ಮೇಲೆ 11116 ಕಾಣಿಸಿಕೊಂಡಿತು. ಅಷ್ಟಕ್ಕೇ ನಿಲ್ಲಿಸದೆ ಡೈರೆಕ್ಟರಿಯ ಪ್ರತಿ ಇಟ್ಟುಕೊಂಡಿರುವ ಒಂದೊಂದೇ ಡೊಮೇನ್ ಕಂಟ್ರೋಲರ್‌ಗೆ ಹೋಗಿ ಅದೇ ಸಂಖ್ಯೆ ತಲುಪಿದೆಯೇ ಎಂದು ನೋಡಿ ಗುರುತು ಹಾಕಿಕೊಂಡೆವು. ಇಷ್ಟು ಸರಳವಾದ ಪರೀಕ್ಷೆಯನ್ನು ಬಿಟ್ಟು ‘ರೆಪ್ಲಿಕೇಶನ್ ಆಗಿರುತ್ತದೆ ಬಿಡಿ’ ಎಂದು ಮುಂದೆ ಹೋಗುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ.

ಎರಡನೇ ‘ಇಲ್ಲ’ ಪ್ಯಾಸಿವ್ ನೋಡ್‌ನಲ್ಲಿ ಸೆಟಪ್ ನಡೆಸುವ ಸಾಲಿನದು. ಇದನ್ನು ಬರೆಯುವಾಗ ನಾನು ತಡವರಿಸಿದೆ. ಸರ್ವಿಸ್ ಪ್ಯಾಕನ್ನು ಮಾತ್ರ ತೆಗೆದುಹಾಕುವ ಅವಕಾಶವಿಲ್ಲ; ತೆಗೆದರೆ ಎಕ್ಸ್‌ಚೇಂಜ್ ಪೂರ್ತಿಯಾಗಿಯೇ ಹೋಗುತ್ತದೆ. ಆದರೆ ಆ ಹೊತ್ತಿಗೆ ಬಳಕೆದಾರರ ಕೆಲಸ ಇನ್ನೂ ಹಳೆಯ ಆಕ್ಟಿವ್ ನೋಡ್ ಮೇಲೆಯೇ ನಡೆಯುತ್ತಿರುತ್ತದೆ. ಪ್ಯಾಸಿವ್ ನೋಡ್ ಹಾಳಾದರೆ ಅದನ್ನು ಕ್ಲಸ್ಟರ್‌ನಿಂದ ಹೊರಹಾಕಿ, ಹೊಸದಾಗಿ ಕಟ್ಟಿ, ಡೇಟಾಬೇಸ್ ಪ್ರತಿಯನ್ನು ಮೊದಲಿನಿಂದ ತುಂಬಿಸಬಹುದು. ಎಷ್ಟು ಹೊತ್ತು ಬೇಕು? ಸೆಕೆಂಡಿಗೆ 50 ಎಂಬಿ ವೇಗದಲ್ಲಿ ಸಾಗಿದರೂ 200 ಜಿಬಿಯ ಒಂದು ಡೇಟಾಬೇಸ್‌ಗೆ ಒಂದು ಗಂಟೆಗೂ ಮೇಲೆ. ನಮ್ಮಲ್ಲಿ ಅಂಥವು ಹಲವಿದ್ದವು. ಹೀಗಾಗಿ ಆ ಚೌಕದಲ್ಲಿ ‘ಹೌದು, ಎರಡು ದಿನ’ ಎಂದು ಬರೆದೆ. ಸಹೋದ್ಯೋಗಿ ‘ಹೌದು’ ಹೊಡೆದುಹಾಕಿದರು. “ಎರಡು ದಿನ ಒಂಟಿ ನೋಡ್ ಮೇಲೆ ನಡೆಸಲು ಒಪ್ಪಿಗೆ ಸಿಗುತ್ತದೆಯೇ? ಇಲ್ಲವಾದರೆ ಇದು ಇಲ್ಲವೇ” ಎಂದರು. ಅವರ ಮಾತು ಸರಿಯಾಗಿತ್ತು. ಹಿಂದಿರುಗಲು ಬೇಕಾದ ಸಮಯ ನಮ್ಮ ಕೈಯಲ್ಲಿ ಇಲ್ಲದಿದ್ದರೆ ದಾರಿ ಇದ್ದೂ ಇಲ್ಲದಂತೆ.

ಮೂರನೆಯದು ನಿಜವಾದ ಗಡಿ. ಪ್ಯಾಸಿವ್ ನೋಡ್ ಹೊಸ ಆವೃತ್ತಿಗೆ ಬಂದ ಮೇಲೆ ಮೇಲ್‌ಬಾಕ್ಸ್ ಸರ್ವರನ್ನು ನಿಲ್ಲಿಸಿ, ಆ ನೋಡ್‌ಗೆ ಸರಿಸಿ, ಅಲ್ಲಿ ಸೆಟಪ್‌ಗೆ ಇನ್ನೊಂದು ಆದೇಶ ಕೊಟ್ಟು ಕ್ಲಸ್ಟರ್‌ನ ಮೇಲ್‌ಬಾಕ್ಸ್ ಸರ್ವರ್‌ನ ಗುರುತನ್ನೇ ಅಪ್‌ಗ್ರೇಡ್ ಮಾಡಬೇಕು. ಡೇಟಾಬೇಸ್ ಹೊಸ ಆವೃತ್ತಿಯಡಿ ಮೌಂಟ್ ಆದ (ಬಳಕೆಗೆ ತೆರೆದ) ಆ ಕ್ಷಣದಿಂದ ಹಳೆಯ ನೋಡ್ ಅದನ್ನು ಎತ್ತಲಾರದು. ಹಳೆಯ ಆವೃತ್ತಿಯ ಬ್ಯಾಕಪನ್ನು ಹೊಸ ಸರ್ವರ್ ಓದಬಲ್ಲದು, ಹೊಸದನ್ನು ಹಳೆಯ ಸರ್ವರ್ ಓದಲಾರದು. ಆಗಿನಿಂದ ಎರಡನೇ ನೋಡ್ ಕೂಡ ಅಪ್‌ಗ್ರೇಡ್ ಆಗಿ, ಲಾಗ್‌ಗಳೆಲ್ಲ ಸೇರಿ ಮುಗಿಯುವವರೆಗೆ ಹಿಂದೆಯೂ ಇಲ್ಲ, ಪಕ್ಕದಲ್ಲಿಯೂ ಯಾರೂ ಇಲ್ಲ. ಯೋಜನೆ ಎಂದರೆ ಈ ಒಂಟಿ ಹೊತ್ತನ್ನು ಎಷ್ಟು ಚಿಕ್ಕದಾಗಿಸುತ್ತೇವೆ, ಅದರೊಳಗೆ ಹೋಗುವ ಮೊದಲು ಏನೇನು ಗಟ್ಟಿ ಮಾಡಿಕೊಳ್ಳುತ್ತೇವೆ ಎಂಬುದೇ. ಉಳಿದ ಸಾಲುಗಳೆಲ್ಲ ಅದಕ್ಕೆ ಸೇವೆ.

ಕಾಗದದ ಮೇಲೆ ಎಲ್ಲವೂ ಸರಿ ಎನಿಸಿದ ಮೇಲೆ ಮೂವರು ಕೂತು ಅದನ್ನು ಗಟ್ಟಿಯಾಗಿ ಓದಿದೆವು. ಒಬ್ಬರು ಓದುವುದು, ಆ ಕೆಲಸ ಯಾರದೋ ಅವರು ತಾವು ಆಗ ಏನು ಮಾಡುತ್ತಿರುತ್ತೇವೆ ಎಂದು ಹೇಳುವುದು. 19ನೇ ಸಾಲು ಬಂತು: ಎರಡನೇ ಹಬ್ ಟ್ರಾನ್ಸ್‌ಪೋರ್ಟ್ ಸರ್ವರ್ (ಮೇಲ್‌ಗಳನ್ನು ಸಾಗಿಸುವ ಸರ್ವರ್) ರೀಸ್ಟಾರ್ಟ್. 20ನೇ ಸಾಲು: ಪ್ಯಾಸಿವ್ ನೋಡ್‌ನಲ್ಲಿ ಸೆಟಪ್, ನಂತರ ರೀಸ್ಟಾರ್ಟ್. ಇಬ್ಬರು ಬೇರೆ ಬೇರೆ ವ್ಯಕ್ತಿಗಳಾದ್ದರಿಂದ ಸಮಯ ಉಳಿಯಲೆಂದು ನಾನೇ ಎರಡನ್ನೂ ಒಟ್ಟಿಗೆ ಇಟ್ಟಿದ್ದೆ. ಓದುತ್ತಿದ್ದವರು ಅಲ್ಲಿಗೆ ನಿಲ್ಲಿಸಿ ಕೇಳಿದರು: “ನಮ್ಮ ಕ್ಲಸ್ಟರ್‌ನ ಸಾಕ್ಷಿ ಫೋಲ್ಡರ್ ಇರುವುದು ಎಲ್ಲಿ?”

ಎರಡೇ ನೋಡ್ ಇರುವ ಕ್ಲಸ್ಟರ್‌ನಲ್ಲಿ ಬಹುಮತ ಸಿಗಬೇಕಾದರೆ ಮೂರನೆಯ ಮತವೊಂದು ಬೇಕು. ಅದಕ್ಕಾಗಿ ಇನ್ನೊಂದು ಸರ್ವರ್‌ನಲ್ಲಿ ಒಂದು ಹಂಚಿಕೆಯ ಫೋಲ್ಡರ್ ಇಟ್ಟು ಅದನ್ನು ಸಾಕ್ಷಿಯಾಗಿ ಬಳಸುತ್ತಾರೆ. ಸಾಮಾನ್ಯವಾಗಿ ಅದನ್ನು ಇಡುವುದು ಹಬ್ ಟ್ರಾನ್ಸ್‌ಪೋರ್ಟ್ ಸರ್ವರ್‌ನಲ್ಲಿ. ನಮ್ಮದು ಇದ್ದದ್ದು ಆ ಎರಡನೇ ಹಬ್ ಸರ್ವರ್‌ನಲ್ಲೇ. ಪ್ಯಾಸಿವ್ ನೋಡ್ ರೀಸ್ಟಾರ್ಟ್ ಆಗುವಾಗ ಅದೂ ಕೈಗೆ ಸಿಗದಿದ್ದರೆ ಆಕ್ಟಿವ್ ನೋಡ್ ಬಳಿ ಉಳಿಯುವುದು ಮೂರರಲ್ಲಿ ಒಂದೇ ಮತ. ಬಹುಮತವಿಲ್ಲದ ಕ್ಲಸ್ಟರ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಯಾವ ದೋಷವೂ ಇಲ್ಲದ, ಚೆನ್ನಾಗಿ ನಡೆಯುತ್ತಿದ್ದ ನೋಡ್ ನಮ್ಮ ಕಣ್ಣೆದುರೇ ಮೇಲ್‌ಬಾಕ್ಸ್‌ಗಳನ್ನು ಕೆಳಗಿಳಿಸುತ್ತಿತ್ತು. ಆ ಕೋಣೆಯಲ್ಲಿ ಯಾರೂ ಒಂದು ನಿಮಿಷ ಮಾತಾಡಲಿಲ್ಲ. ಎರಡು ಸಾಲುಗಳ ನಡುವೆ ಹೊಸದೊಂದು ಸಾಲು ಸೇರಿತು: ಸಾಕ್ಷಿ ಫೋಲ್ಡರ್ ಎರಡೂ ನೋಡ್‌ಗಳಿಂದ ತೆರೆಯುತ್ತಿದೆಯೇ ನೋಡುವುದು, ನೋಡಿದವರು ಸಹಿ ಹಾಕುವುದು.

ಸರ್ವರ್‌ಗಳ ಸರದಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲು ಬಳಕೆದಾರರು ಬಂದು ಸೇರುವ ಕ್ಲೈಂಟ್ ಆಕ್ಸೆಸ್ ಸರ್ವರ್, ಅದರಲ್ಲೂ ಇಂಟರ್‌ನೆಟ್‌ಗೆ ಮುಖ ಮಾಡಿದ್ದು, ಆಮೇಲೆ ಹಬ್, ಕೊನೆಗೆ ಮೇಲ್‌ಬಾಕ್ಸ್. ವೆಬ್‌ಮೇಲ್‌ನ ಲಾಗಿನ್ ಪುಟಕ್ಕೆ ಸಂಸ್ಥೆಯ ಚಿಹ್ನೆ ಹಾಕಿ ತಿದ್ದಿಕೊಂಡಿದ್ದರೆ ಆ ಪುಟಗಳನ್ನು ಮೊದಲೇ ಬೇರೆಡೆ ತೆಗೆದಿಡಿ, ಸೆಟಪ್ ಅವುಗಳ ಮೇಲೆ ಬರೆದುಬಿಡುತ್ತದೆ.

ಪ್ರಯೋಗಾಲಯದ ಬಗ್ಗೆ ಮಾತ್ರ ಒಂದು ಮಾತು. ನಮ್ಮ ಪ್ರಯೋಗದ ಕ್ಲಸ್ಟರ್‌ನಲ್ಲಿ ಸೆಟಪ್ ಸರಾಗವಾಗಿ ಮುಗಿದಿತ್ತು. ಅಲ್ಲಿಗೂ ನಿಜವಾದ ಸರ್ವರ್‌ಗಳಿಗೂ ಒಂದು ವ್ಯತ್ಯಾಸ: ನಿಜವಾದವುಗಳಿಗೆ ಇಂಟರ್‌ನೆಟ್ ಇರಲಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಸಹಿ ಮಾಡಿದ ಡಾಟ್‌ನೆಟ್ ಕಡತಗಳನ್ನು ತೆರೆಯುವಾಗ ವಿಂಡೋಸ್ ಆ ಸಹಿಯ ಪ್ರಮಾಣಪತ್ರ ರದ್ದಾಗಿದೆಯೇ ಎಂದು ಹೊರಗಿನ ಪಟ್ಟಿಯೊಂದನ್ನು ನೋಡಲು ಯತ್ನಿಸುತ್ತದೆ. ಫೈರ್‌ವಾಲ್ ಆ ಕೋರಿಕೆಯನ್ನು ತಿರಸ್ಕರಿಸಿದೆನೆಂದು ಹೇಳದೆ ಸುಮ್ಮನೆ ನುಂಗಿಬಿಟ್ಟರೆ, ಪ್ರತಿಯೊಂದು ಕಡತಕ್ಕೂ ಕಾದು ಕಾದು ಕೈಬಿಡುವವರೆಗೆ ಎಲ್ಲವೂ ನಿಂತಂತೆ ಕಾಣುತ್ತದೆ. ಸೇವೆಗಳು ಶುರುವಾಗಲು ಕೊಟ್ಟಿರುವ ಅವಧಿಯೇ ಮುಗಿದು ಅವು ಏಳದೇ ಹೋಗುವುದೂ ಉಂಟು. ಅನುಭವವಿಲ್ಲದ ಕೈ ಅಲ್ಲಿ ರದ್ದುಗುಂಡಿಯನ್ನು ಒತ್ತುತ್ತದೆ. ಅರ್ಧದಲ್ಲಿ ನಿಂತ ಸೆಟಪ್ ಎಕ್ಸ್‌ಚೇಂಜ್ ಸೇವೆಗಳನ್ನೆಲ್ಲ ನಿಷ್ಕ್ರಿಯ ಸ್ಥಿತಿಯಲ್ಲೇ ಬಿಟ್ಟು ಹೋಗಬಹುದು. ನಮ್ಮ ಯೋಜನೆಯಲ್ಲಿ ಆ ತಪಾಸಣೆಯನ್ನು ಸೆಟಪ್ ಮುಗಿಯುವವರೆಗೆ ನಿಲ್ಲಿಸುವ ಸಾಲೂ, ಮುಗಿದ ಮೇಲೆ ಮತ್ತೆ ಶುರು ಮಾಡುವ ಸಾಲೂ ಇದ್ದವು. ಎರಡನೆಯದನ್ನು ಮರೆಯುವವರೇ ಹೆಚ್ಚು.

ಮೇಲಿನವರಿಗೆ ಇದ್ದದ್ದು ಒಂದೇ ಪ್ರಶ್ನೆ: ಮೇಲ್ ಕಳೆದುಹೋಗುತ್ತದೆಯೇ? ಇದಕ್ಕೆ ಧೈರ್ಯವಾಗಿ ಉತ್ತರ ಕೊಡಬಹುದಿತ್ತು. ಮೇಲ್‌ಬಾಕ್ಸ್ ನಿಂತಿದ್ದರೂ ಹಬ್ ಸರ್ವರ್ ಮೇಲ್‌ಗಳನ್ನು ಸಾಲಿನಲ್ಲಿ ನಿಲ್ಲಿಸಿಕೊಂಡು ಎರಡು ದಿನ ಕಾಯುತ್ತದೆ. ಹಬ್ ಕೂಡ ಸಿಗದಿದ್ದರೆ ಹೊರಗಿನಿಂದ ಕಳಿಸುವ ಸರ್ವರ್‌ಗಳು ಮತ್ತೆ ಮತ್ತೆ ಯತ್ನಿಸುತ್ತವೆ. ಬಿಟ್ಟುಕೊಡುವ ಮೊದಲು ಕನಿಷ್ಠ 4ರಿಂದ 5 ದಿನ ಯತ್ನಿಸಬೇಕೆಂದು ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮವೇ ಹೇಳುತ್ತದೆ. ತಡವಾಗುತ್ತದೆ, ಕಳೆಯುವುದಿಲ್ಲ. ಈ ಒಂದು ವಾಕ್ಯ ನಮಗೆ ರಾತ್ರಿಯಲ್ಲಿ ಇನ್ನೂ ಎರಡು ಗಂಟೆ ಹೆಚ್ಚಿಗೆ ದೊರಕಿಸಿಕೊಟ್ಟಿತು.

ಅದರ ಜತೆಗೆ ಇನ್ನೊಂದನ್ನು ಹಗಲಿನಲ್ಲೇ ಬರೆಸಿಕೊಂಡೆವು. ರಾತ್ರಿ 3 ಗಂಟೆಯೊಳಗೆ ಮೂರನೇ ‘ಇಲ್ಲ’ದ ಸಾಲಿಗೆ ಹೋಗಲಾಗದಿದ್ದರೆ ಆ ರಾತ್ರಿ ಹೋಗುವುದೇ ಇಲ್ಲ. ಹೋಗಬೇಕೇ ಬೇಡವೇ ಎಂದು ಹೇಳುವವರು ಕೀಬೋರ್ಡ್ ಮುಂದೆ ಕೂತವರಾಗಿರಬಾರದು. ನಾಲ್ಕು ಗಂಟೆ ಬೆವರು ಸುರಿಸಿದ ಮನಸ್ಸು ಇನ್ನೊಂದೇ ಹೆಜ್ಜೆ ಎನ್ನುತ್ತದೆ. ಆ ಮನಸ್ಸಿನ ಮೇಲೆ ನನಗೆ ನಂಬಿಕೆಯಿಲ್ಲ, ಅದು ಯಾರದೇ ಆಗಿರಲಿ.

ಆ ರಾತ್ರಿ 1 ಗಂಟೆ 50 ನಿಮಿಷಕ್ಕೆ ಪ್ಯಾಸಿವ್ ನೋಡ್ ಅಪ್‌ಗ್ರೇಡ್ ಆಗಿ, ರೀಸ್ಟಾರ್ಟ್ ಆಗಿ ಮೇಲೆದ್ದಿತು. ಅದು ಮಲಗಿದ್ದಷ್ಟು ಹೊತ್ತು ಆಕ್ಟಿವ್ ನೋಡ್‌ನಲ್ಲಿ ಲಾಗ್‌ಗಳು ಗುಡ್ಡೆಯಾಗಿದ್ದವು. ಪ್ಯಾಸಿವ್ ನೋಡ್ ತೆಗೆದುಕೊಂಡು ಪರೀಕ್ಷಿಸುವವರೆಗೆ ಅವುಗಳನ್ನು ಅಳಿಸುವಂತಿಲ್ಲ, ಬ್ಯಾಕಪ್ ಕೂಡ ಅಳಿಸುವುದಿಲ್ಲ. ಅದಕ್ಕೆಂದೇ ಲಾಗ್ ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಹದಿನೈದು ನಿಮಿಷಕ್ಕೊಮ್ಮೆ ನೋಡಿ ಬರೆಯುವುದು ಒಬ್ಬರ ಕೆಲಸವಾಗಿತ್ತು. ಕ್ಯೂಗಳು ಇಳಿಯತೊಡಗಿದವು. ಒಂದೊಂದೇ ಸ್ಟೋರೇಜ್ ಗ್ರೂಪ್ (ಒಂದೇ ಲಾಗ್ ಸಾಲು ಬಳಸುವ ಡೇಟಾಬೇಸ್ ಗುಂಪು) ಸೊನ್ನೆಗೆ ಬಂತು. ಒಂದು ಮಾತ್ರ ನಾಲ್ಕಕ್ಕೆ ಬಂದು ನಿಂತಿತು.

ನಾಲ್ಕು ಲಾಗ್ ಎಂದರೆ ನಾಲ್ಕು ಎಂಬಿ. ಐದು ನಿಮಿಷ ಕಳೆದರೂ ನಾಲ್ಕೇ. “ನಾಲ್ಕೇ ಅಲ್ಲವೇ, ಸರಿಸುವಾಗ ತಾನೇ ಬರುತ್ತದೆ” ಎಂದು ಯಾರೋ ಅಂದರು. ಬರಲೂಬಹುದಿತ್ತು. ಆದರೆ ಕಡತದಲ್ಲಿ ಸೊನ್ನೆ ಎಂದು ಬರೆದಿತ್ತು. ಸೊನ್ನೆ ಎಂದು ಬರೆದವನು ಹಗಲಿನಲ್ಲಿ, ನಿದ್ದೆ ಮಾಡಿ ಎದ್ದ ತಲೆಯಿಂದ ಬರೆದಿದ್ದ. ಇಳಿಯುತ್ತಿರುವ ನಾಲ್ಕಕ್ಕೂ ನಿಂತುಬಿಟ್ಟ ನಾಲ್ಕಕ್ಕೂ ಅಜಗಜಾಂತರ. ಪ್ಯಾಸಿವ್ ನೋಡ್‌ನಲ್ಲಿ ಹುಡುಕಿದಾಗ ಗೊತ್ತಾಯಿತು: ಸೆಟಪ್‌ಗಾಗಿ ನಿಲ್ಲಿಸಿದ್ದ ಆಂಟಿವೈರಸ್ ರೀಸ್ಟಾರ್ಟ್ ಆದೊಡನೆ ತಾನೂ ಎದ್ದಿತ್ತು. ಲಾಗ್ ಫೋಲ್ಡರ್‌ಗಳನ್ನು ಮುಟ್ಟಬಾರದೆಂಬ ಪಟ್ಟಿಯಲ್ಲಿ ಆ ಒಂದು ಗ್ರೂಪ್‌ನ ಫೋಲ್ಡರ್ ಬಿಟ್ಟುಹೋಗಿತ್ತು. ಪರೀಕ್ಷೆಗೆ ಬಂದ ಲಾಗ್ ಕಡತವನ್ನು ಅದು ಹಿಡಿದುಕೊಂಡು ಕೂತಿತ್ತು. ಪಟ್ಟಿಗೆ ಸೇರಿಸಿ, ಆ ಗ್ರೂಪ್‌ನ ನಕಲನ್ನು ಒಮ್ಮೆ ತಡೆದು ಮತ್ತೆ ಬಿಟ್ಟೆವು. ಮೂರು ನಿಮಿಷದಲ್ಲಿ ಸೊನ್ನೆ. ಗಂಟೆ 2.25.

ಸರಿಸುವ ಕೆಲಸಕ್ಕೆ ವಿಂಡೋಸ್‌ನ ಕ್ಲಸ್ಟರ್ ಅಡ್ಮಿನಿಸ್ಟ್ರೇಟರ್ ಬಳಸಬಾರದು. ಕಣ್ಣಿಗೆ ಅದು ಸುಲಭ, ಆದರೆ ಆಚೆ ಕಡೆಯ ಪ್ರತಿ ಆರೋಗ್ಯವಾಗಿದೆಯೇ ಎಂದು ಅದು ನೋಡುವುದಿಲ್ಲ. ಎಕ್ಸ್‌ಚೇಂಜ್‌ನದೇ ಆದೇಶಗಳಿವೆ. ಅವುಗಳಲ್ಲಿ ನನಗೆ ಬಹಳ ಇಷ್ಟವಾದ ಒಂದು ಗುಣ: ನಿಲ್ಲಿಸುವಾಗ ಏಕೆ ನಿಲ್ಲಿಸುತ್ತಿದ್ದೀರಿ, ಸರಿಸುವಾಗ ಏಕೆ ಸರಿಸುತ್ತಿದ್ದೀರಿ ಎಂದು ಅವು ಮಾತಿನಲ್ಲಿ ಕಾರಣ ಕೇಳುತ್ತವೆ. ಕಾರಣ ಬರೆಯದೆ ಮುಂದೆ ಹೋಗಲು ಬಿಡುವುದಿಲ್ಲ. ಬರೆದದ್ದು ಈವೆಂಟ್ ಲಾಗ್‌ನಲ್ಲಿ ಉಳಿಯುತ್ತದೆ. ಇಡೀ ಸಂಸ್ಥೆಯ ಅಂಚೆಯನ್ನು ನಿಲ್ಲಿಸುವವರು ಒಂದು ಸಾಲು ಕಾರಣ ಬರೆಯಲೇಬೇಕು ಎಂದು ಯೋಚಿಸಿದವರು ಯಾರೋ, ಅವರ ಬಗ್ಗೆ ನನಗೆ ಗೌರವವಿದೆ.

ಹಿರಿಯ ಸಹೋದ್ಯೋಗಿ ನನ್ನ ಹಿಂದೆ ನಿಂತು ಕೊನೆಯ ಬಾರಿಗೆ ಅಂಕಿಗಳನ್ನು ನೋಡಿ “ಹೋಗಿ” ಎಂದರು. ಮೇಲ್‌ಬಾಕ್ಸ್ ನಿಂತಿತು, ಸರಿಯಿತು, ಸೆಟಪ್ ಓಡಿತು. ಡೇಟಾಬೇಸ್‌ಗಳು ಒಂದರ ಹಿಂದೆ ಒಂದು ಮೌಂಟ್ ಆದವು. ಎರಡನೇ ನೋಡ್‌ಗೆ ಅದೇ ಕೆಲಸ ಶುರುವಾದಾಗ ಹೊರಗೆ ಇನ್ನೂ ಕತ್ತಲು. ಆಗ ಯಾರ ಬಾಯಲ್ಲೂ ಮಾತಿರಲಿಲ್ಲ. ಒಂದೇ ಯಂತ್ರ, ಅದರ ಫ್ಯಾನ್ ಸದ್ದು, ನಮ್ಮ ಕಣ್ಣುಗಳು. ಬೆಳಗ್ಗೆ 5 ಗಂಟೆ 10 ನಿಮಿಷಕ್ಕೆ ಎಲ್ಲ ಪ್ರತಿಗಳೂ ಹೆಲ್ತಿ ಎಂದು ತೋರಿಸಿದವು. ಪೂರ್ಣ ಬ್ಯಾಕಪ್ ಶುರು ಮಾಡಿದೆವು. ಹೊಸ ಆವೃತ್ತಿಯ ಮೊದಲ ಬ್ಯಾಕಪ್ ಮುಗಿಯುವವರೆಗೆ ಹಳೆಯ ಟೇಪುಗಳನ್ನು ಯಾರೂ ಮುಟ್ಟಲಿಲ್ಲ.

ಕಡತದಲ್ಲಿ ಆಮೇಲೂ ಒಂದು ಸಾಲು ಬಾಕಿ ಇತ್ತು. ನಾಲ್ಕು ದಿನ ಬಿಟ್ಟು, ಬುಧವಾರ ರಾತ್ರಿ ಮೇಲ್‌ಬಾಕ್ಸ್‌ಗಳನ್ನು ಮೊದಲಿನ ನೋಡ್‌ಗೆ ಮರಳಿ ಸರಿಸುವುದು. ಎರಡನೆಯದಾಗಿ ಅಪ್‌ಗ್ರೇಡ್ ಆದ ಆ ನೋಡ್ ಹೊಸ ಆವೃತ್ತಿಯಲ್ಲಿ ಒಮ್ಮೆಯೂ ಭಾರ ಹೊತ್ತಿರಲಿಲ್ಲ. ಹೊತ್ತು ತೋರಿಸುವವರೆಗೆ ನಮ್ಮದು ಕ್ಲಸ್ಟರ್ ಎಂದು ಹೇಳುವಂತಿರಲಿಲ್ಲ. ಆದೇಶ ಕಾರಣ ಕೇಳಿತು. ‘ಈ ನೋಡ್ ಒಂಟಿಯಾಗಿ ನಿಲ್ಲಬಲ್ಲದೇ ಎಂದು ನೋಡಲು’ ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಎರಡು ನಿಮಿಷವೂ ಆಗಲಿಲ್ಲ, ಔಟ್‌ಲುಕ್ ಒಮ್ಮೆ ಸಂಪರ್ಕ ಕಳೆದುಕೊಂಡು ಮತ್ತೆ ಹಿಡಿಯಿತು. ಕಾಪಿ ಕ್ಯೂ ಸೊನ್ನೆ, ರಿಪ್ಲೇ ಕ್ಯೂ ಸೊನ್ನೆ. ಸಹೋದ್ಯೋಗಿ ತಮ್ಮ ಪೆನ್ಸಿಲ್ ಕೊಟ್ಟರು. ಕೊನೆಯ ಸಾಲಿನ ಐದನೇ ಚೌಕದಲ್ಲಿ ‘ಹೌದು’ ಎಂದು ಬರೆದೆ.